ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಸಂಜೆಗೇ ಯಾಕೆ ಇಳಿದುಹೋಗುತ್ತದೆ? ಮೂರು ದಿನ ನಿಲ್ಲುವಂಥದ್ದು ಇಲ್ಲವಾ?

ಮಂಡ್ಯದ ಹೈದ
ನಮ್ಮಣ್ಣನಿಗೆ ಆಲೆಮನೆಯಲ್ಲಿ ಕುದಿಯುವ ಪಾಕ ಮುಂಗೈ ಮೇಲೆ ಬಿದ್ದು ಜೋರಾಗಿ ಸುಟ್ಟಿತ್ತು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದ್ದಾರೆ. ಕೈ ಪರವಾಗಿಲ್ಲವಂತೆ, ಈಗ ತೊಡೆಯದ್ದೇ ಗೋಳು. ಆಪರೇಷನ್ ಟೈಮಲ್ಲಿ ತೊಡೆಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟಿದ್ದರು. ಸಂಜೆವರೆಗೆ ನಮ್ಮ ಜೊತೆ ನಗುನಗುತ್ತಾ ಮಾತಾಡಿದ. ಕತ್ತಲಾಗುವ ಹೊತ್ತಿಗೆ ಹಲ್ಲು ಕಚ್ಚಿಕೊಂಡು ಮಲಗಿದ್ದ. ವಾರ್ಡಿನಲ್ಲಿ ಕೇಳಿದರೆ "ಅದು ಅಷ್ಟೇ ಹೊತ್ತು ಇರೋದು" ಅಂದು ಮಾತ್ರೆ ಕೊಟ್ಟರು.

ಬೇಕಾಗಿರುವುದು ಚರ್ಮದ ಮೇಲೆ ಒಂದು ಅಂಗೈಯಗಲ ಜಾಗ. ಅಷ್ಟನ್ನು ಎರಡು ಮೂರು ದಿನ ಮರಗಟ್ಟಿಸಿ ಇಡಲು ಆಗುವುದಿಲ್ಲವಾ? ಕಂಪನಿಗಳಿಗೆ ಬೇಡವಾ, ಇಲ್ಲಾ ಆಗುವ ಕೆಲಸವೇ ಅಲ್ಲವಾ? ಗೊತ್ತಿರುವವರು ಹೇಳಿ.

ಸಂಶಯ ಪಿಶಾಚಿ
ಕಂಪನಿಗಳಿಗೆ ಬೇಡ ಗುರು. ಒಂದೇ ಇಂಜೆಕ್ಷನ್ ಮೂರು ದಿನ ನಿಂತರೆ ನೋವಿನ ಮಾತ್ರೆ ಯಾರು ಕೊಳ್ಳುತ್ತಾರೆ?

ಸಿಸ್ಟರ್ ದಾವಣಗೆರೆ
ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ ಇದ್ದವಳು ನಾನು. ಎಲ್ಲರೂ ಇದನ್ನೇ ಹೇಳುತ್ತಾರೆ, ಸುಟ್ಟ ಜಾಗಕ್ಕಿಂತ ಚರ್ಮ ತೆಗೆದ ಜಾಗವೇ ಜಾಸ್ತಿ ಉರಿ ಅಂತ. ಕಾರಣ ಇದೆ. ಆಳವಾಗಿ ಸುಟ್ಟ ಕಡೆ ನರದ ತುದಿಗಳೇ ಸುಟ್ಟುಹೋಗಿರುತ್ತವೆ. ತೊಡೆಯಲ್ಲಿ ಮೇಲಿನ ಪದರ ಮಾತ್ರ ಹೆರೆದು ತೆಗೆಯುತ್ತಾರೆ. ಕೆಳಗಿನ ನರದ ತುದಿಗಳು ಚೆನ್ನಾಗಿಯೇ ಇರುತ್ತವೆ, ಹೊದಿಕೆ ಮಾತ್ರ ಇರುವುದಿಲ್ಲ. ವಾಸಿಯಾಗಲು ಸುಮಾರು ಎರಡು ವಾರ ಬೇಕು. ಮೊದಲ ಕೆಲವು ದಿನ ತುಂಬಾ ಕಷ್ಟ, ಆಮೇಲೆ ಕಡಿಮೆಯಾಗುತ್ತಾ ಬರುತ್ತದೆ. ನಿಮ್ಮ ಅಣ್ಣನಿಗೆ ಧೈರ್ಯ ಹೇಳಿ.

ಅರಿವಳಿಕೆ ಮೇಡಂ
ಮೈಸೂರಿನಲ್ಲಿ ಅನಸ್ತೇಶಿಯಾ ಡಾಕ್ಟರ್. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಆಗಲಿ ಬುಪಿವಕೇನ್ ಆಗಲಿ, ಕೆಲಸ ಒಂದೇ. ನರದ ಪೊರೆ ದಾಟಿ ಒಳಗೆ ಹೋಗಿ, ಅಲ್ಲಿಂದ ಸೋಡಿಯಂ ಚಾನೆಲ್‌ಗೆ (ನರದ ಸುದ್ದಿ ಹೊರಡಿಸುವ ಸಣ್ಣ ಬಾಗಿಲು) ಅಡ್ಡ ಕೂರುತ್ತದೆ. ನರ ಸುದ್ದಿ ಕಳಿಸುವುದು ನಿಲ್ಲುತ್ತದೆ. ಆಮೇಲೆ ರಕ್ತ ಅದನ್ನು ಎತ್ತಿಕೊಂಡು ಹೋಗುತ್ತದೆ, ಲಿವರ್ ಒಡೆಯುತ್ತದೆ. ನೋವು ವಾಪಸ್ ಬರುವುದು ಮದ್ದು ಜಾಗ ಬಿಟ್ಟು ಹೋಗುವುದರಿಂದ. ಅದಕ್ಕೇ ಅಡ್ರಿನಲಿನ್ ಬೆರೆಸುತ್ತೇವೆ, ರಕ್ತನಾಳ ಬಿಗಿಯಾಗಿ ಮದ್ದು ಸ್ವಲ್ಪ ಹೊತ್ತು ಅಲ್ಲೇ ನಿಲ್ಲಲಿ ಅಂತ. ಬುಪಿವಕೇನ್ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಪ್ರೋಟೀನಿಗೆ ಗಟ್ಟಿಯಾಗಿ ಅಂಟುತ್ತದೆ. ಹಾಗಾಗಿ ಲಿಗ್ನೋಕೇನ್‌ಗಿಂತ ಎಷ್ಟೋ ಹೊತ್ತು ಹೆಚ್ಚು ನಿಲ್ಲುತ್ತದೆ. ನಿಮ್ಮ ಅಣ್ಣನಿಗೆ ಸಂಜೆವರೆಗೆ ಹಿಡಿದಿತ್ತು ಅಂದರೆ ಬಹುಶಃ ಅದನ್ನೇ ಕೊಟ್ಟಿರುತ್ತಾರೆ.

"ಹಾಗಾದರೆ ಜಾಸ್ತಿ ಕೊಡಿ" ಅಂತ ಕೇಳುತ್ತಾರೆ. ಅಲ್ಲೇ ತೊಂದರೆ. ಅಡ್ರಿನಲಿನ್ ಇಲ್ಲದ ಲಿಗ್ನೋಕೇನ್ ಮಿತಿ ಕೆಜಿಗೆ 4.5 ಮಿಲಿಗ್ರಾಂ. 60 ಕೆಜಿಯ ಆಳಿಗೆ 270 ಮಿಲಿಗ್ರಾಂ, ಅಂದರೆ 2% ದ್ರಾವಣ ಬರೀ 13 ಮಿಲಿ ಚಿಲ್ಲರೆ. ಮೀರಿದರೆ ತುಟಿ ಸುತ್ತ ಜುಮ್ ಅನ್ನುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ನಾಲಿಗೆಗೆ ಲೋಹದ ರುಚಿ ಬರುತ್ತದೆ, ಆಮೇಲೆ ಫಿಟ್ಸ್. ಬುಪಿವಕೇನ್ ಇನ್ನೂ ಕೆಟ್ಟದ್ದು. ಹೃದಯದಲ್ಲೂ ಅದೇ ಜಾತಿಯ ಸೋಡಿಯಂ ಚಾನೆಲ್ ಇದೆ. ಅಲ್ಲಿ ಹೋಗಿ ಕೂತರೆ ಬೇಗ ಏಳುವುದಿಲ್ಲ. ಅಮೆರಿಕದಲ್ಲಿ ಹೆರಿಗೆಗೆ 0.75% ಬುಪಿವಕೇನ್ ಕೊಡುವುದನ್ನು 1980ರ ದಶಕದಲ್ಲಿ ನಿಲ್ಲಿಸಿದ್ದು ಇದಕ್ಕೇ. ಈಗ ಅಂಥ ಹೊತ್ತಿಗೆ ಅಂತ 20% ಕೊಬ್ಬಿನ ದ್ರಾವಣ ಓಟಿಯಲ್ಲಿ ಇಟ್ಟುಕೊಳ್ಳುತ್ತೇವೆ. 1998ರಲ್ಲಿ ಗೈ ವೈನ್‌ಬರ್ಗ್ ಅವರ ತಂಡ ಇಲಿಗಳಲ್ಲಿ ತೋರಿಸಿದ ಉಪಾಯ ಅದು.

ಹೆಚ್ಚು ಹೊತ್ತು ನಿಲ್ಲಬೇಕು, ರಕ್ತಕ್ಕೆ ಒಮ್ಮೆಲೇ ಇಳಿಯಬಾರದು. ಎರಡೂ ಒಟ್ಟಿಗೆ ಆಗಬೇಕು.

ಮಂಡ್ಯದ ಹೈದ
ಮೇಡಂ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದ್ರೆ ಸ್ವಲ್ಪ ಸ್ವಲ್ಪವೇ ಬಿಡುವ ಥರ ಮಾಡಿದರೆ?

ಫಾರ್ಮುಲೇಶನ್ ಪುರಾಣ
ಅದನ್ನೇ ಮಾಡಿದ್ದಾರೆ. ನಾನು ಬೆಂಗಳೂರಲ್ಲಿ ಔಷಧ ಲ್ಯಾಬಿನಲ್ಲಿ ಕೆಲಸ ಮಾಡುವವನು, ಇದೇ ನಮ್ಮ ದಿನದ ತಲೆನೋವು.

ಬುಪಿವಕೇನನ್ನು ಲೈಪೋಸೋಮ್ ಒಳಗೆ ತುಂಬಿದ್ದಾರೆ. ಕಣ್ಣಿಗೆ ಕಾಣದ ಕೊಬ್ಬಿನ ಗುಳ್ಳೆಗಳು, ಒಳಗೆ ಜೇನುಗೂಡಿನ ಥರ ಕೋಣೆ ಕೋಣೆ. ಒಂದೊಂದೇ ಕೋಣೆ ಒಡೆದು ಮದ್ದು ಹೊರಬರುತ್ತದೆ. ಎಕ್ಸ್‌ಪರೆಲ್ ಅಂತ ಹೆಸರು, 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಪರೇಷನ್ ಮುಗಿಯುವಾಗ ಗಾಯದ ಸುತ್ತ ಚುಚ್ಚುತ್ತಾರೆ. ಆಮೇಲೆ ಇನ್ನೂ ಬಂದವು. ಹರ್ನಿಯಾ ಆಪರೇಷನ್‌ಗೆ ಬುಪಿವಕೇನ್ ತುಂಬಿದ ಕೊಲಾಜನ್ ತುಂಡು 2020ರಲ್ಲಿ. ಬುಪಿವಕೇನ್ ಜೊತೆ ಮೆಲಾಕ್ಸಿಕ್ಯಾಮ್ ಸೇರಿಸಿದ ಅಂಟು ಮದ್ದು 2021ರಲ್ಲಿ. ಈ ಎರಡನೆಯದು ನನಗೆ ಬುದ್ಧಿವಂತಿಕೆ ಅನ್ನಿಸುತ್ತದೆ. ಗಾಯ ಊದಿಕೊಂಡಾಗ ಆ ಜಾಗ ಸ್ವಲ್ಪ ಆಮ್ಲೀಯ ಆಗುತ್ತದೆ, ಆಗ ಮದ್ದು ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಮೆಲಾಕ್ಸಿಕ್ಯಾಮ್ ಆ ಊತವನ್ನು ತಗ್ಗಿಸುತ್ತದೆ.

ಪಿಶಾಚಿ ಅವರೇ, ಕಂಪನಿಗಳಿಗೆ ಬೇಡ ಅನ್ನಬೇಡಿ. ಬೇಕೇ ಬೇಕು. ಬೆಲೆ ಎಷ್ಟು ಪಟ್ಟು ಜಾಸ್ತಿ ಅಂತ ನೋಡಿದರೆ ಗೊತ್ತಾಗುತ್ತದೆ.

ಸಂಶಯ ಪಿಶಾಚಿ
ಬೆಲೆ ಜಾಸ್ತಿ ಸರಿ. ಮೂರು ದಿನ ನಿಲ್ಲುತ್ತದಾ ಇಲ್ಲವಾ, ಅದು ಹೇಳಿ.

ಫಾರ್ಮುಲೇಶನ್ ಪುರಾಣ
ಎಕ್ಸ್‌ಪರೆಲ್‌ನ ಪ್ರಚಾರದಲ್ಲಿ 72 ಗಂಟೆಯ ಮಾತಿದೆ. ಹಾಸಿಗೆಯಲ್ಲಿ ಮಲಗಿದವರ ಮಾತು ಬೇರೆ. 2021ರಲ್ಲಿ ಅನಸ್ತೇಶಿಯಾ ಡಾಕ್ಟರುಗಳ ದೊಡ್ಡ ಪತ್ರಿಕೆಯೊಂದು ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿ, ಮಾಮೂಲಿ ಬುಪಿವಕೇನ್‌ಗಿಂತ ಹೇಳಿಕೊಳ್ಳುವಷ್ಟು ಲಾಭ ಕಾಣಲಿಲ್ಲ ಅಂತ ಬರೆಯಿತು. ಕಂಪನಿ ಆ ಪತ್ರಿಕೆ ನಡೆಸುವ ಸಂಘದ ಮೇಲೇ ಕೇಸ್ ಹಾಕಿತು! ಮರುವರ್ಷ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ವಿಜ್ಞಾನದ ಜಗಳವನ್ನು ಪತ್ರಿಕೆಯಲ್ಲೇ ಆಡಿ ಅನ್ನುವ ಅರ್ಥದಲ್ಲಿ. ಅಪೀಲಿನಲ್ಲೂ ಅದೇ ನಿಂತಿತು.

ಸಂಶಯ ಪಿಶಾಚಿ
ನಾನು ಹೇಳಿದ್ದು ಸುಳ್ಳಾ ಹಾಗಾದರೆ 😄

ಫಾರ್ಮುಲೇಶನ್ ಪುರಾಣ
ನೀವು ಹೇಳಿದ್ದು ಮಾಡುವುದೇ ಇಲ್ಲ ಅಂತ. ನಡೆದದ್ದು ಮಾಡಿ, ಮಾರಿ, ಟೀಕಿಸಿದವರ ಮೇಲೆ ಕೇಸ್ ಹಾಕಿದ್ದು. ಎರಡೂ ಬೇರೆ ಬೇರೆ ದೂರು, ಕಲಸಬೇಡಿ.

ಡಯಾಲಿಸಿಸ್ ಮಗಳು
ನಮ್ಮ ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಪ್ರತಿ ಸಲ ತೋಳಿಗೆ ಎರಡು ದಪ್ಪ ಸೂಜಿ. ಪ್ರಿಲಾಕ್ಸ್ ಅನ್ನುವ ಮರಗಟ್ಟಿಸುವ ಕ್ರೀಮ್ ಹಚ್ಚಿ ಮೇಲೆ ಪ್ಲಾಸ್ಟಿಕ್ ಅಂಟಿಸಿ ಕೂರಬೇಕು. ನಮಗೆ ಹೆಚ್ಚು ಹೊತ್ತು ನಿಲ್ಲುವುದು ಬೇಕಾಗಿಲ್ಲ, ಬೇಗ ಹಿಡಿಯುವುದು ಬೇಕು. ಒಂದು ಗಂಟೆ ಮೊದಲೇ ಹಚ್ಚಬೇಕು, ಬಸ್ಸು ತಡವಾದರೆ ಮನೆಯಲ್ಲೇ ಅಂದಾಜು ಮಾಡಿ ಹಚ್ಚಿಕೊಂಡು ಹೊರಡುತ್ತೇವೆ. ಯಾಕೆ ಅಷ್ಟು ನಿಧಾನ?

ಫಾರ್ಮುಲೇಶನ್ ಪುರಾಣ
ಚರ್ಮದ ಮೇಲಿನ ಒಣ ಪದರದಿಂದ. ದಪ್ಪ ಮಿಲಿಮೀಟರಿನ ನೂರನೇ ಒಂದೆರಡು ಭಾಗ ಇರಬಹುದು, ಆದರೆ ಏನನ್ನೂ ಒಳಗೆ ಬಿಡುವುದಿಲ್ಲ. ನಿಮ್ಮ ಅಪ್ಪ ಹಚ್ಚುವ ಕ್ರೀಮಿನ ಕಥೆ ನನಗೆ ಬಹಳ ಇಷ್ಟ. ಲಿಡೋಕೇನ್ (ಲಿಗ್ನೋಕೇನ್ ಅಂದರೂ ಅದೇ) ಬಿಳಿ ಪುಡಿ, ಪ್ರಿಲೋಕೇನ್ ಕೂಡ ಬಿಳಿ ಪುಡಿ. ಎರಡನ್ನೂ ಸಮ ಸಮ ಬೆರೆಸಿದರೆ ನೀರು ಹಾಕದೆಯೇ ಕರಗಿ ಎಣ್ಣೆಯಾಗುತ್ತದೆ. ಮಿಶ್ರಣ ಕರಗುವುದು 18 ಡಿಗ್ರಿಗೇ. ಆ ಎಣ್ಣೆಯ ಹನಿಗಳಲ್ಲಿ ಮದ್ದು ಅಷ್ಟು ಗಾಢವಾಗಿ ಇರುವುದರಿಂದಲೇ ಚರ್ಮ ದಾಟುತ್ತದೆ. ಒಂದು ಗಂಟೆಗೆ ಸುಮಾರು 3 ಮಿಲಿಮೀಟರ್ ಆಳ, ಎರಡು ಗಂಟೆಗೆ 5. ತೆಗೆದ ಮೇಲೆ ಒಂದೆರಡು ಗಂಟೆ ನಿಲ್ಲುತ್ತದೆ. ಹೊರದೇಶದಲ್ಲಿ ಟೆಟ್ರಾಕೇನ್ ಜೆಲ್ ಇದೆ, ಅರ್ಧ ಮುಕ್ಕಾಲು ಗಂಟೆಗೆ ಹಿಡಿದು ನಾಲ್ಕರಿಂದ ಆರು ಗಂಟೆ ಇರುತ್ತದೆ. ಚರ್ಮ ಕೆಂಪಾಗುವುದು ಜಾಸ್ತಿ.

ಅರಿವಳಿಕೆ ಮೇಡಂ
ಪ್ರಿಲೋಕೇನ್ ಇರುವ ಕ್ರೀಮನ್ನು ಹಸುಗೂಸುಗಳಿಗೆ ಕೇಳದೆ ಹಚ್ಚಬೇಡಿ. ರಕ್ತ ಆಮ್ಲಜನಕ ಹೊರುವುದಕ್ಕೆ ತೊಂದರೆಯಾಗಿ ಮಗು ನೀಲಿಗಟ್ಟಬಹುದು.

ಹಚ್ಚೆ ಹುಚ್ಚ
ಟ್ಯಾಟೂಗೆ ಆನ್‌ಲೈನ್‌ನಲ್ಲಿ 'ಐದು ಗಂಟೆ ಗ್ಯಾರಂಟಿ' ಅಂತ ಕ್ರೀಮ್ ಬರುತ್ತದಲ್ಲ, ಅದನ್ನು ತೊಡೆಗೆ ಹಚ್ಚಿದರೆ ಆಗಲ್ವಾ?

ಸಿಸ್ಟರ್ ದಾವಣಗೆರೆ
ಅಯ್ಯೋ ಬೇಡ ಮಾರಾಯ. ತೆರೆದ ಗಾಯ ಅದು. ಮೇಲಿನ ಪದರ ಇಲ್ಲದ ಕಡೆ ಮದ್ದು ಸೀದಾ ರಕ್ತಕ್ಕೆ ಇಳಿಯುತ್ತದೆ.

ಅರಿವಳಿಕೆ ಮೇಡಂ
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಗಟ್ಟಿ ಚರ್ಮದ ಮೇಲೂ ಜೀವ ಹೋಗಿದೆ. ಅಮೆರಿಕದಲ್ಲಿ 22 ಮತ್ತು 25 ವಯಸ್ಸಿನ ಇಬ್ಬರು ಹೆಣ್ಣುಮಕ್ಕಳು ಲೇಸರ್‌ನಲ್ಲಿ ಕೂದಲು ತೆಗೆಸಲು ಹೋಗುವ ಮುಂಚೆ ಕಾಲಿಗೆಲ್ಲ ಇಂಥ ಕ್ರೀಮ್ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಫಿಟ್ಸ್ ಬಂದು, ಕೋಮಾಗೆ ಹೋಗಿ ತೀರಿಕೊಂಡರು. 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಮೇಲೇ ಎಚ್ಚರಿಕೆ ಕೊಟ್ಟಿತು. 2024ರ ಮಾರ್ಚಿನಲ್ಲಿ ಟ್ಯಾಟೂ ಕ್ರೀಮ್ ಮಾರುವ ಆರು ಕಂಪನಿಗಳಿಗೆ ನೋಟಿಸ್ ಕೊಟ್ಟಿತು. ಚೀಟಿ ಇಲ್ಲದೆ ಕೊಳ್ಳುವುದರಲ್ಲಿ ಲಿಡೋಕೇನ್ 4%ಗಿಂತ ಜಾಸ್ತಿ ಇದ್ದರೆ ಮುಟ್ಟಬೇಡಿ ಅಂತಲೇ ಅವರ ಮಾತು. 'ಗ್ಯಾರಂಟಿ' ಅಂದರೆ ಒಳಗೆ ಏನು ಎಷ್ಟು ತುಂಬಿದ್ದಾರೋ.

ಹಲ್ಲು ಡಾಕ್ಟ್ರು ಹುಬ್ಬಳ್ಳಿ
ಅಲ್ರಿ, ನೀವೆಲ್ಲ ಜಾಸ್ತಿ ಹೊತ್ತು ಬೇಕು ಅಂತೀರಿ, ನಮ್ಮ ಕಡೆ ಉಲ್ಟಾ. ಕೆಲಸ ಅರ್ಧ ತಾಸಿನಾಗ ಮುಗೀತದ, ತುಟಿ ಮಾತ್ರ ಮೂರು ತಾಸು ಜೋಮು. ಸಣ್ಣ ಹುಡುಗರು ತುಟಿ ಅಗಿದು ಅಗಿದು ಹುಣ್ಣು ಮಾಡಿಕೊಂಡು ಮರುದಿನ ಬರ್ತಾವ. ಅವರ ಅವ್ವ ನಮ್ಮನ್ನ ಬೈತಾಳ. ಅಮೆರಿಕದಾಗ 2008ರಾಗ ಜೋಮು ಬೇಗ ಇಳಿಸಾಕಂತ ಫೆಂಟೊಲಮೈನ್ ಇಂಜೆಕ್ಷನ್ ಬಂತು. ಅಡ್ರಿನಲಿನ್ ಕೆಲಸಕ್ಕ ಉಲ್ಟಾ ಕೆಲಸ ಅದರದು, ರಕ್ತನಾಳ ಅಗಲ ಮಾಡ್ತದ.

ನಿವೃತ್ತ ಕಾರ್ಯಕರ್ತ
ಹಲ್ಲಿನ ಡಾಕ್ಟರು ಹೇಳಿದ್ದಕ್ಕೆ ನನ್ನದೊಂದು ಮಾತು. ನಾನು ಬಹಳ ಕಾಲ ಕುಷ್ಠ ನಿಯಂತ್ರಣದ ಕೆಲಸದಲ್ಲಿ ಇದ್ದವನು, ಬಳ್ಳಾರಿ ರಾಯಚೂರು ಕಡೆ. ನೋವು ಇಲ್ಲದ ಚರ್ಮ ಅಂದರೆ ಏನು ಅಂತ ಅಲ್ಲಿ ನೋಡಬೇಕು. ಬಿಸಿ ಪಾತ್ರೆ ಹಿಡಿದವರಿಗೆ ಕೈ ಸುಡುವುದು ಗೊತ್ತಾಗುವುದಿಲ್ಲ, ವಾಸನೆ ಬಂದ ಮೇಲೆ ಬಿಡುತ್ತಾರೆ. ಚಪ್ಪಲಿಯೊಳಗಿನ ಮೊಳೆ ಪಾದಕ್ಕೆ ಚುಚ್ಚಿಕೊಂಡೇ ಇದ್ದರೂ ಸಂತೆ ಮುಗಿಸಿ ಬರುತ್ತಾರೆ. ಅವರಿಗೆ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಕೊಡುತ್ತಿದ್ದೆವು, ದಿನಾ ರಾತ್ರಿ ಪಾದ ತಿರುಗಿಸಿ ನೋಡಿಕೊಳ್ಳಿ ಅಂತ ಹೇಳಿಕೊಡುತ್ತಿದ್ದೆವು. ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಇದನ್ನೇ ತೋರಿಸಿದರು, ಬೆರಳು ಸವೆದುಹೋಗುವುದು ರೋಗ ತಿಂದು ಅಲ್ಲ, ನೋವು ಗೊತ್ತಾಗದೆ ಆದ ಗಾಯಗಳಿಂದ ಅಂತ.

ಮೂರು ದಿನ ಪೂರ್ತಿ ಮರಗಟ್ಟಿಸಿದರೆ ಡ್ರೆಸ್ಸಿಂಗ್ ಬಿಗಿಯಾಗಿದೆಯೋ, ಕೀವು ತುಂಬಿದೆಯೋ ಯಾರು ಹೇಳಬೇಕು?

ಮಂಡ್ಯದ ಹೈದ
ನೀವು ಹೇಳುವುದು ಸರಿ ಸಾರ್. ಆದರೆ ರಾತ್ರಿಯಿಡೀ ನರಳುವವನ ಪಕ್ಕ ಕೂತವರಿಗೆ ಈ ಮಾತು ತಲೆಗೆ ಹೋಗುವುದಿಲ್ಲ.

ನಿವೃತ್ತ ಕಾರ್ಯಕರ್ತ
ಒಪ್ಪಿದೆ ತಮ್ಮಾ.

ಅರಿವಳಿಕೆ ಮೇಡಂ
ಇಬ್ಬರೂ ಸರಿ. ಬೇಕಿರುವುದು ಸ್ಪರ್ಶ ಇರಲಿ, ನೋವು ಮಾತ್ರ ಹೋಗಲಿ ಅನ್ನುವ ಮದ್ದು. ಈಗಿನ ಮದ್ದುಗಳಿಗೆ ಆ ವಿವೇಚನೆ ಇಲ್ಲ. ಎಲ್ಲ ನರವನ್ನೂ ಮುಚ್ಚುತ್ತವೆ.

2006ರಲ್ಲಿ ಒಂದು ದಾರಿ ಕಂಡಿತು. ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವು ಗೊತ್ತಾಗದ ಮಕ್ಕಳಿದ್ದರು. ಅವರಲ್ಲೊಬ್ಬ ಹುಡುಗ ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ತೋರಿಸುತ್ತಿದ್ದನಂತೆ. ಛಾವಣಿಯಿಂದ ಹಾರಿ ಸಣ್ಣ ವಯಸ್ಸಿಗೇ ತೀರಿಕೊಂಡ. ಪರೀಕ್ಷಿಸಿದರೆ ಅವರಲ್ಲಿ ನೋವಿನ ನರಗಳ ಒಂದು ಸೋಡಿಯಂ ಚಾನೆಲ್, ಎನ್‌ಎವಿ 1.7, ಕೆಲಸ ಮಾಡುತ್ತಿರಲಿಲ್ಲ. ಸ್ಪರ್ಶ ಮಾಮೂಲಿಯಾಗಿತ್ತು. ಅಲ್ಲಿಂದ ಎಲ್ಲರೂ ನೋವಿನ ಚಾನೆಲ್ ಮಾತ್ರ ಮುಚ್ಚುವ ಮದ್ದಿನ ಹಿಂದೆ ಬಿದ್ದರು. 1.7ರಲ್ಲಿ ಕೈಗೆ ಹತ್ತಲಿಲ್ಲ. 2025ರ ಜನವರಿಯಲ್ಲಿ ಅದೇ ಜಾತಿಯ ಇನ್ನೊಂದು ಚಾನೆಲ್ 1.8 ಮುಚ್ಚುವ ಸುಜೆಟ್ರಿಜಿನ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಫೀಮಿನ ಜಾತಿಯದ್ದಲ್ಲ, ಚಟ ಹಿಡಿಸುವ ಭಯ ಇಲ್ಲ. ಆದರೆ ಪ್ರಯೋಗದಲ್ಲಿ ಹಳೆಯ ಓಪಿಯಾಯ್ಡ್ (ಅಫೀಮಿನ ಜಾತಿಯ) ಮಾತ್ರೆಯನ್ನು ಹಿಂದೆ ಹಾಕಲಿಲ್ಲ ಅನ್ನುವುದನ್ನೂ ಹೇಳಬೇಕು.

ಬ್ಯಾಡಗಿ ಬಸ್ಯಾ
ಮೆಣಸಿನಕಾಯಿ ಹಚ್ಚಿದರೆ ನೋವು ಹೋಗ್ತದ ಅಂತ ಕೇಳೀನಿ. ನಮ್ಮೂರಾಗ ಬೇಕಾದಷ್ಟು ಐತಿ.

ಫಾರ್ಮುಲೇಶನ್ ಪುರಾಣ
ತಮಾಷೆ ಅಲ್ಲ ಬಸಣ್ಣ, ನಿಜ. ಕ್ಯಾಪ್ಸೈಸಿನ್ 8% ಪಟ್ಟಿ 2009ರಿಂದ ಇದೆ. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಉರಿಗೆ. ಒಂದು ಗಂಟೆ ಅಂಟಿಸಿದರೆ ನೋವಿನ ನರದ ತುದಿಗಳು ಕುಗ್ಗಿಹೋಗುತ್ತವೆ, ಕೆಲವರಿಗೆ ಮೂರು ತಿಂಗಳವರೆಗೂ ಆರಾಮ. ಚರ್ಮ ಗಟ್ಟಿಯಾಗಿರುವ ಕಡೆ ಮಾತ್ರ, ಅದೂ ಆಸ್ಪತ್ರೆಯಲ್ಲಿ, ಕೈಗೆ ಗ್ಲೌಸ್ ಹಾಕಿಕೊಂಡು. ಬ್ಯಾಡಗಿಯದ್ದು ಬಣ್ಣಕ್ಕೆ ಹೆಸರು, ಖಾರಕ್ಕಲ್ಲ. ನೀವು ಅದನ್ನು ಸಾರಿಗೇ ಹಾಕಿ.

ಸಿಸ್ಟರ್ ದಾವಣಗೆರೆ
ಇಷ್ಟೆಲ್ಲ ಮದ್ದಿನ ಮಾತಾಯಿತು, ಡ್ರೆಸ್ಸಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಒಣಗಿ ಅಂಟಿಕೊಳ್ಳುವ ಬಟ್ಟೆಯೇ ಅರ್ಧ ನೋವಿಗೆ ಕಾರಣ. ಗಾಯ ತೇವವಾಗಿ ಮುಚ್ಚಿದ್ದರೆ ಗಾಳಿ ತಾಗಿ ಉರಿಯುವುದು ಎಷ್ಟೋ ಕಡಿಮೆ. ಮುಂಬೈನ ಡಾಕ್ಟರುಗಳು ಚರ್ಮ ತೆಗೆದ ಜಾಗಕ್ಕೆ ಬಾಳೆ ಎಲೆಯನ್ನೇ ಕಟ್ಟಿ ನೋಡಿ 2003ರಲ್ಲಿ ಬರೆದಿದ್ದಾರೆ. ಎಲೆ ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ಜೀವ ಹಿಂಡುವುದಿಲ್ಲ. ಮನೆ ಹಿತ್ತಲಿಂದ ಕಿತ್ತು ಕಟ್ಟಬೇಡಿ ಮತ್ತೆ. ಅವರು ಆಟೋಕ್ಲೇವ್ ಮಾಡಿ, ಅಂದರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು, ಕಟ್ಟಿದ್ದು.

ಮಂಡ್ಯದ ಹೈದ
ಬಾಳೆ ಎಲೆ! ನಮ್ಮಲ್ಲಿ ಊಟಕ್ಕೆ ಬಿಟ್ಟು ಇನ್ನೊಂದಕ್ಕೆ ಯೋಚನೆಯೇ ಮಾಡಿರಲಿಲ್ಲ. ಮೇಡಂ, ಈಗ ಇಲ್ಲೇ ಸಿಗುವ ಮದ್ದಿನಲ್ಲೇ ಎರಡು ದಿನ ಎಳೆಯುವ ದಾರಿ ಇಲ್ಲವಾ?

ಅರಿವಳಿಕೆ ಮೇಡಂ
ಇದೆ. ತೊಡೆಯ ಹೊರಬದಿಯ ಚರ್ಮಕ್ಕೆ ಒಂದೇ ನರ ಬರುತ್ತದೆ, ಸೊಂಟದ ಮೂಳೆಯ ಮುಂದಿನ ತುದಿಯ ಹತ್ತಿರ ಸಿಗುತ್ತದೆ. ಅದರ ಕೆಲಸ ಬರೀ ಚರ್ಮದ ಸ್ಪರ್ಶ. ಕಾಲಿನ ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ, ಎದ್ದು ಓಡಾಡಬಹುದು. ಅಲ್ಟ್ರಾಸೌಂಡ್‌ನಲ್ಲಿ ನೋಡಿ ಅಲ್ಲಿಗೆ ಬ್ಲಾಕ್, ಅಂದರೆ ಆ ನರವನ್ನೇ ಮರಗಟ್ಟಿಸುವ ಇಂಜೆಕ್ಷನ್, ಕೊಡುತ್ತೇವೆ. ಸಣ್ಣ ಕ್ಯಾಥೆಟರ್ (ತೆಳು ನಳಿಗೆ) ಅಲ್ಲೇ ಬಿಟ್ಟು ಪಂಪಿನಿಂದ ಹನಿ ಹನಿ ಕೊಟ್ಟರೆ ಎರಡು ಮೂರು ದಿನವೂ ಎಳೆಯಬಹುದು. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಸೇರಿಸಿದರೆ ಒಂದೇ ಇಂಜೆಕ್ಷನ್ ಕೂಡ ಕೆಲವು ಗಂಟೆ ಹೆಚ್ಚು ನಿಲ್ಲುತ್ತದೆ. ಚರ್ಮ ತೊಡೆಯ ಯಾವ ಭಾಗದಿಂದ ತೆಗೆದಿದ್ದಾರೆ ಅನ್ನುವುದರ ಮೇಲೆ ಇದು ನಿಲ್ಲುತ್ತದೆ. ನಿಮ್ಮ ಅಣ್ಣನನ್ನು ನೋಡುತ್ತಿರುವ ಡಾಕ್ಟರನ್ನು ಕೇಳಿ, ಮುಂದೆ ಇನ್ನೊಮ್ಮೆ ಚರ್ಮ ತೆಗೆಯುವುದಿದ್ದರೆ ಮೊದಲೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಕಡಲತಡಿ ಮಾಣಿ
ತಡವಾಗಿ ನೋಡಿದೆ ಮಾರಾಯ್ರೆ. ಹೊಟ್ಟೆ ಉಬ್ಬಿಸುವ ಪಫರ್ ಮೀನಿನ ವಿಷದಿಂದ ಮರಗಟ್ಟುವ ಮದ್ದು ಮಾಡುತ್ತಾರಂತೆ, ಹೌದಾ? ನಮ್ಮಲ್ಲಿ ಬಲೆಗೆ ಬಿದ್ದರೆ ಬಿಸಾಡುವುದು ಅದನ್ನು. ಜುಮ್ಮನಕಾಯಿ ಹಾಕಿದ ಬಂಗುಡೆ ಸಾರು ಮಾತ್ರ ನಮ್ಮ ಲೋಕಲ್ ಅನಸ್ತೇಶಿಯಾ, ನಾಲಿಗೆ ಹತ್ತು ನಿಮಿಷ ಜುಂ.

ಫಾರ್ಮುಲೇಶನ್ ಪುರಾಣ
ಹೌದು. ನನಗೆ ಎಲ್ಲಕ್ಕಿಂತ ಆಸೆ ಇರುವುದು ಇದರ ಮೇಲೇ. ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್, ಚಿಪ್ಪುಮೀನಿನ ಸ್ಯಾಕ್ಸಿಟಾಕ್ಸಿನ್, ಇವೆರಡೂ ಸೋಡಿಯಂ ಚಾನೆಲನ್ನು ಹೊರಗಿನಿಂದಲೇ ಮುಚ್ಚುತ್ತವೆ. ಹೃದಯದ ಚಾನೆಲ್ ಇವಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಬುಪಿವಕೇನಿನ ಆ ಭಯ ಕಡಿಮೆ. ಆದರೆ ಡೋಸ್ ಮೀರಿದರೆ ಉಸಿರಾಡುವ ಸ್ನಾಯುಗಳೇ ನಿಲ್ಲುತ್ತವೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬರ್ಡೆ ಅವರ ತಂಡ ಸ್ಯಾಕ್ಸಿಟಾಕ್ಸಿನ್ನಿನ ಹತ್ತಿರದ ಸಂಬಂಧಿ ನಿಯೋಸ್ಯಾಕ್ಸಿಟಾಕ್ಸಿನನ್ನು ಆರೋಗ್ಯವಂತರ ಮೀನಖಂಡದ ಚರ್ಮದ ಕೆಳಗೆ ಚುಚ್ಚಿ ನೋಡಿ 2015ರಲ್ಲಿ ಬರೆಯಿತು. ಬುಪಿವಕೇನ್ ಜೊತೆ ಕೊಟ್ಟಾಗ ಬುಪಿವಕೇನ್ ಒಂದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಕೆಲವರಿಗೆ ತುಟಿ ನಾಲಿಗೆ ಜುಮ್ ಅಂದಿತು, ಅಡ್ರಿನಲಿನ್ ಸೇರಿಸಿದಾಗ ಅದು ಕಡಿಮೆಯಾಯಿತು. ಅಲ್ಲಿಯೇ ಡೇನಿಯಲ್ ಕೊಹೇನ್ ಅವರ ಲ್ಯಾಬಿನಲ್ಲಿ ಇಂಥ ಮದ್ದನ್ನು ಲೈಪೋಸೋಮಿನಲ್ಲಿ ತುಂಬಿ, ಚರ್ಮದ ಮೇಲಿಂದ ಬೆಳಕು ಬಿಟ್ಟಾಗ ಮಾತ್ರ ಹೊರಬರುವಂತೆ ಪ್ರಾಣಿಗಳಲ್ಲಿ ಮಾಡಿ ನೋಡಿದ್ದಾರೆ. ನೋವು ಬಂದಾಗ ರೋಗಿಯೇ ದೀಪ ಹಿಡಿದರೆ ಆಯಿತು, ಇಲ್ಲದಿದ್ದರೆ ಇಲ್ಲ. ಅದು ಮನುಷ್ಯರಿಗೆ ಬಂದರೆ ನಮ್ಮ ನಿವೃತ್ತ ಕಾರ್ಯಕರ್ತರ ಪ್ರಶ್ನೆಗೂ ಉತ್ತರ ಸಿಕ್ಕಿತು.

ಸಂಶಯ ಪಿಶಾಚಿ
ದೀಪದ ಬೆಲೆಯೂ ಹೇಳಿಬಿಡಿ ಸರ್.

ಕಡಲತಡಿ ಮಾಣಿ
ಚಿಪ್ಪುಮೀನಿನ ವಿಷವಾ? ನಮ್ಮ ಮರುವಾಯಿಯಲ್ಲೂ ಇರುತ್ತದಾ? ನಾಳೆ ಮನೆಯಲ್ಲಿ ಸುಕ್ಕ ಮಾಡುವುದಿದೆ!

ಫಾರ್ಮುಲೇಶನ್ ಪುರಾಣ
ಯಾವಾಗಲೂ ಇರುವುದಿಲ್ಲ. ವಿಷ ಹುಟ್ಟುವುದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಯಲ್ಲಿ, ಮರುವಾಯಿ ಅದನ್ನು ಸೋಸಿ ತಿಂದು ಕೂಡಿಟ್ಟುಕೊಳ್ಳುತ್ತದೆ. 1983ರಲ್ಲಿ ಕುಂಬಳೆ ಕಡೆ ಹೀಗೆ ತಿಂದವರಿಗೆ ವಿಷವಾಗಿತ್ತು, ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು ಅದನ್ನು ಪರೀಕ್ಷಿಸಿ ದಾಖಲಿಸಿದ್ದಾರೆ. ಬೇಯಿಸಿದರೂ ಹೋಗುವ ವಿಷ ಅಲ್ಲ.

ಅರಿವಳಿಕೆ ಮೇಡಂ
ಮಾಣಿಯವರೇ, ಸುಕ್ಕ ತಿನ್ನಿ. ನೀರು ಕೆಂಪಗಾಗಿದೆ ಅಂತ ಸುದ್ದಿ ಇದ್ದಾಗ ಬಿಡಿ. ತಿಂದ ಮೇಲೆ ತುಟಿ ಬೆರಳು ಜುಮ್ ಅಂದು, ಮಾತು ತೊದಲಿದರೆ ಮಲಗಿ ನೋಡೋಣ ಅನ್ನಬೇಡಿ. ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಿ. ಅದು ಜುಮ್ಮನಕಾಯಿಯ ಜುಮ್ ಅಂತ ಅಂದುಕೊಂಡು ಕೂರಬೇಡಿ.

ಕಡಲತಡಿ ಮಾಣಿ
ಸರಿ ಮೇಡಂ. ಹಾಗಾದರೆ ನಾಳೆ ಜುಮ್ಮನಕಾಯಿ ಹಾಕುವುದಿಲ್ಲ, ಯಾವುದರ ಜುಮ್ ಅಂತ ಗೊತ್ತಾಗಬೇಕಲ್ಲ.